ಶಾಲೆಯ ಅಂಗಳದ ಆಚಾರ್ಯ: ಸೈಯದ್ ಅಬ್ದುಲ್ ರಹೀಮ್

ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಉನ್ನತ ಶ್ರೇಣಿ ಪಡೆದ ವಿದ್ಯಾರ್ಥಿಗಳ ಹೆಸರುಗಳೂ, ಕೊಠಡಿ ಕಟ್ಟಿಸಿಕೊಟ್ಟ ದಾನಿಗಳ ಹೆಸರುಗಳೂ ಅಚ್ಚಾಗುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಬಿಸಿಲು ಧೂಳುಗಳ ನಡುವೆ ಸೀಟಿ ಹಿಡಿದು ನಿಂತು ಸಾವಿರಾರು ಮಕ್ಕಳ ಮೈಯನ್ನೂ ಮನಸ್ಸನ್ನೂ ತಿದ್ದಿದ ದೈಹಿಕ ಶಿಕ್ಷಕರ ಹೆಸರು ಆ ಪುಟಗಳಲ್ಲಿ ವಿರಳ. ಜನ ಅವರನ್ನು ‘ಡ್ರಿಲ್ ಮಾಸ್ತರರು’ ಎಂದು ಕರೆದು ಅಷ್ಟಕ್ಕೇ ಬಿಡುತ್ತಾರೆ. ಅವರ ಕಾರ್ಯವೂ ಗುರುಕಾರ್ಯವೇ ಎಂಬುದನ್ನು ಒಬ್ಬ ಮಹನೀಯರ ದೃಷ್ಟಾಂತದಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

‘ಆಚಾರ್ಯ’ ಶಬ್ದವನ್ನು ವಿವರಿಸುವಾಗ ಯಾಸ್ಕನು ತನ್ನ ನಿರುಕ್ತದಲ್ಲಿ, ಶಿಷ್ಯನು ಆಚಾರವನ್ನು ಗ್ರಹಿಸುವಂತೆ ಮಾಡುವವನೇ ಆಚಾರ್ಯನೆಂದು ಹೇಳುತ್ತಾನೆ. ಪಾಠ ಒಪ್ಪಿಸಿದ ಮಾತ್ರಕ್ಕೆ ಸಾಲದು, ಅದು ನಡೆಯಲ್ಲಿ ಇಳಿಯಬೇಕು. ನಮ್ಮ ಕನ್ನಡದ ‘ಆಡು’ ಎಂಬ ಧಾತುವಿಗಂತೂ ಕ್ರೀಡಿಸು, ನುಡಿ ಎಂಬ ಎರಡರ್ಥಗಳುಂಟು. ಮಾತಿನಲ್ಲಿ ಸುಳ್ಳು ಹೇಳಿ ಪಾರಾಗಬಹುದು. ಮೈದಾನದಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಮನುಷ್ಯನ ಸ್ವಭಾವವು ಎಲ್ಲರ ಕಣ್ಣೆದುರು ಬಯಲಾಗುತ್ತದೆ. ಆದುದರಿಂದಲೇ ಆಟದ ಗುರುವಿನ ಹೊಣೆ ದೊಡ್ಡದು.

ಸೈಯದ್ ಅಬ್ದುಲ್ ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೂ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗಗಳೇ ಆಗಿದ್ದವೆಂಬುದನ್ನು ವಾಚಕರು ನೆನೆಯಬಹುದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರಾಗಿ ಶಿಕ್ಷಕವೃತ್ತಿಯನ್ನು ಹಿಡಿದ ಅವರು ದೈಹಿಕ ಶಿಕ್ಷಣದಲ್ಲಿಯೂ ತರಬೇತಿ ಹೊಂದಿ, ಹೈದರಾಬಾದಿನ ಪ್ರೌಢಶಾಲೆಗಳಲ್ಲಿ ಕ್ರೀಡೆಯ ಹೊಣೆ ಹೊತ್ತರು. 1950ರಿಂದ ಹೈದರಾಬಾದ್ ಪೊಲೀಸ್ ತಂಡಕ್ಕೆ ತರಬೇತಿ ನೀಡಿದರು. ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ರಾಷ್ಟ್ರೀಯ ತಂಡದ ತರಬೇತಿಯೂ ಅವರ ಪಾಲಿಗೆ ಬಂದಿತು. ಜನರ ಬಾಯಲ್ಲಿ ಮಾತ್ರ ಅವರು ಕೊನೆಯವರೆಗೂ ‘ರಹೀಮ್ ಸಾಹೇಬ’ರೇ.

ಅವರ ಬೋಧನಕ್ರಮವು ಅಧ್ಯಾಪಕರೆಲ್ಲರೂ ಗಮನಿಸತಕ್ಕಂಥದು. ಕಾಲ್ಚೆಂಡಾಡುವ ಹುಡುಗನು ಸಹಜವಾಗಿ ಬಲವಾದ ಕಾಲನ್ನೇ ನೆಚ್ಚುತ್ತಾನೆ. ಎದುರಾಳಿಯು ಅದನ್ನು ಬಲುಬೇಗ ಕಂಡುಕೊಳ್ಳುತ್ತಾನೆ. ಆದುದರಿಂದ ರಹೀಮರು ದುರ್ಬಲವಾದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳನ್ನು ಏರ್ಪಡಿಸಿದರು. ಇನ್ನು ಚೆಂಡು ಸಿಕ್ಕಿದ ಹುಡುಗನು ಅದನ್ನು ತಾನೊಬ್ಬನೇ ಒಯ್ಯಬಯಸುವುದು ಬಾಲಸ್ವಭಾವ. ಅದಕ್ಕೆ ಮದ್ದಾಗಿ, ಚೆಂಡನ್ನು ಒಯ್ಯದೆ ಕೂಡಲೇ ಜೊತೆಗಾರನಿಗೆ ದಾಟಿಸಬೇಕೆಂಬ ಪಂದ್ಯಗಳನ್ನೂ ನಡೆಸಿದರು. ಮೊದಲನೆಯದರಿಂದ ಕೊರತೆ ತುಂಬಿತು. ಎರಡನೆಯದರಿಂದ ಸ್ವಾರ್ಥ ಕರಗಿತು. ಬೈಗುಳದಿಂದ ಆಗದ ಕೆಲಸವನ್ನು ಆಟದ ನಿಯಮದಿಂದಲೇ ಮಾಡಿಸಿದ ಜಾಣ್ಮೆ ಇದು.

ಸಿಕಂದರಾಬಾದಿನ ಬಡ ಕುಟುಂಬದ ತುಳಸೀದಾಸ್ ಬಲರಾಮ್ ಎಂಬ ತರುಣನಿಗೆ ಅಭ್ಯಾಸದ ಮೈದಾನಕ್ಕೆ ದಿನವೂ ಬರುವ ಅನುಕೂಲವಿರಲಿಲ್ಲ. ರಹೀಮರು ಬಾಡಿಗೆ ಸೈಕಲ್ಲಿಗೆಂದು ಕೈಯಿಂದ ಹಣ ಕೊಟ್ಟು ಅವನನ್ನು ಕರೆಸಿಕೊಂಡರು. ಆತನೇ ಮುಂದೆ ಒಲಿಂಪಿಕ್ ಆಟಗಾರನಾದನು. ದಾನವೆಂಬುದು ಕಟ್ಟಡದ ರೂಪದಲ್ಲಿಯೇ ಇರಬೇಕೆಂದಿಲ್ಲ. ಸಕಾಲದಲ್ಲಿ ದೊರೆತ ಸೈಕಲ್ ಬಾಡಿಗೆಯೂ ಮಹಾದಾನವೇ.

1951ರಲ್ಲಿ ದಿಲ್ಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಇರಾನನ್ನು 1–0ರಿಂದ ಮಣಿಸಿ ಸ್ವರ್ಣಪದಕ ಪಡೆಯಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾದೆದುರು 10–1ರ ಘೋರ ಪರಾಭವ. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಆ ಬಳಿಕ ಬೂಟು ಕಡ್ಡಾಯವಾಯಿತು. ಸೋಲಿನಿಂದ ಪಾಠ ಕಲಿತ ತಂಡವು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಒಲಿಂಪಿಕ್ ಕಾಲ್ಚೆಂಡಿನ ಉಪಾಂತ್ಯ ತಲುಪಿದ ಏಷ್ಯದ ಮೊದಲ ರಾಷ್ಟ್ರ ಭಾರತ.

1962ರ ಜಕಾರ್ತಾ ಕೂಟದ ವೇಳೆಗೆ ರಹೀಮರು ಶ್ವಾಸಕೋಶದ ಅರ್ಬುದರೋಗದಿಂದ ಬಳಲುತ್ತಿದ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾದೆದುರು 2–0ರ ಸೋಲು. ಹಿಂಬದಿಯ ರಕ್ಷಕ ಜರ್ನೇಲ್ ಸಿಂಗರ ತಲೆಗೆ ಗಾಯವಾಗಿ ಹೊಲಿಗೆ ಬಿದ್ದಾಗ, ರಹೀಮರು ಅವರನ್ನು ಕೈಬಿಡದೆ ಮುಂಚೂಣಿಯಲ್ಲಿ ಆಡಿಸಿದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಪ್ರತಿಕೂಲ ಜನಸಮೂಹದ ಕೂಗಾಟದ ನಡುವೆ ಪಿ. ಕೆ. ಬ್ಯಾನರ್ಜಿ ಮತ್ತು ಅದೇ ಜರ್ನೇಲ್ ಸಿಂಗ್ ಗೋಲು ಹೊಡೆದು, ಅದೇ ಕೊರಿಯಾವನ್ನು 2–1ರಿಂದ ಸೋಲಿಸಿದರು. ಶಿಷ್ಯನ ಶಕ್ತಿಯನ್ನು ಶಿಷ್ಯನಿಗಿಂತ ಮೊದಲು ಗುರು ಬಲ್ಲನೆಂಬುದಕ್ಕೆ ಬೇರೆ ನಿದರ್ಶನ ಬೇಕೆ? ಒಂಬತ್ತು ತಿಂಗಳ ತರುವಾಯ, 1963ರ ಜೂನ್ 11ರಂದು, ರಹೀಮರು ಕಾಲವಶರಾದರು. ತರಬೇತುದಾರರಿಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದುದು 1985ರಲ್ಲಿ. ಅವರ ಪುತ್ರ, ಆಟಗಾರರೂ ಅಂತರರಾಷ್ಟ್ರೀಯ ತೀರ್ಪುಗಾರರೂ ಆಗಿದ್ದ ಎಸ್. ಎಸ್. ಹಕೀಮರು 2021ರಲ್ಲಿ ನಮ್ಮ ಕಲಬುರ್ಗಿಯಲ್ಲಿಯೇ ಕೊನೆಯುಸಿರೆಳೆದರು.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಿಗೆ ಕುಸ್ತಿ, ಕಬಡ್ಡಿಗಳೇ ಹೆಚ್ಚು ಪರಿಚಿತ. ಆದರೆ ನಿಪ್ಪಾಣಿಯ ನೆರೆಯ ಕೊಲ್ಲಾಪುರದಲ್ಲಿ ಕುಸ್ತಿಯ ತಾಲೀಮುಗಳೇ ಕಾಲ್ಚೆಂಡಿನ ತಂಡಗಳನ್ನೂ ಕಟ್ಟಿ ಬೆಳೆಸಿವೆ. ಗರಡಿಯ ಮಣ್ಣಿನಲ್ಲಿ ಯಾವ ಆಟವೂ ಬೇರೂರಬಲ್ಲದೆಂಬುದು ಇದರಿಂದ ಸಿದ್ಧ. ಬೇಕಾದುದು ಸಮತಟ್ಟಾದ ಬಯಲು, ನಾಲ್ಕು ಚೆಂಡು, ಮತ್ತು ಬಿಡದೆ ಬರುವ ಒಬ್ಬ ಗುರು. ಪರೀಕ್ಷೆ ಹತ್ತಿರವಾದೊಡನೆ ಆಟದ ತಾಸನ್ನು ಗಣಿತಕ್ಕೆ ಕೊಟ್ಟುಬಿಡುವ ರೂಢಿ ಎಷ್ಟೋ ಶಾಲೆಗಳಲ್ಲಿದೆ. ಆ ತಾಸು ಕಳೆದರೆ ಹಿಂಬೆಂಚಿನ ಎಷ್ಟೋ ಹುಡುಗರಿಗೆ ತಾವು ಗೆಲ್ಲಬಲ್ಲ ಏಕೈಕ ಅವಕಾಶವೇ ಕಳೆದಂತೆ. ಅಧ್ಯಾಪಕ ಬಂಧುಗಳು ಆ ತಾಸನ್ನು ಕಾಯಲಿ. ದಾನಿಗಳು ಕೊಠಡಿಯ ಜೊತೆಗೆ ಮೈದಾನವನ್ನೂ ನೆನೆಯಲಿ. ಹಳೆಯ ವಿದ್ಯಾರ್ಥಿಗಳು ತಮಗೆ ಆಟ ಕಲಿಸಿದ ಮಾಸ್ತರರ ಮನೆಗೆ ಹೋಗಿ, ಅವರಿರುವಾಗಲೇ ಒಮ್ಮೆ ನಮಸ್ಕರಿಸಿ ಬರಲಿ.