ನಿಮಗಿದು ಗೊತ್ತೆ? 5 ವ್ಯಾಟ್‌ನಲ್ಲಿ ಖಂಡ ದಾಟಬಹುದು

ಬಾಣಾವರದ ತೋಟವೊಂದರಲ್ಲಿ ಎರಡು ತೆಂಗಿನ ಮರಗಳ ನಡುವೆ ಸುಮಾರು 10 ಮೀಟರ್ ತಾಮ್ರದ ತಂತಿ ಕಟ್ಟಿ, ಕೆಳಗೆ ಪುಟ್ಟ ಬ್ಯಾಟರಿ, ಅಂಗೈಯಗಲದ ರೇಡಿಯೊ, ಚುಕ್ಕೆ-ಗೆರೆಗಳ ಮಾರ್ಸ್ ಸಂಕೇತ ಒತ್ತುವ ಒಂದು ಕೀ ಇಟ್ಟುಕೊಂಡರೆ, ಪರವಾನಗಿ ಪಡೆದ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರರು) 14 ಮೆಗಾಹರ್ಟ್ಸ್‌ನಲ್ಲಿ ಯುರೋಪನ್ನೂ ತಲುಪಬಲ್ಲರು. 5 ವ್ಯಾಟ್ ಮೀರದ ಈ ಬಗೆಯ ಪ್ರಸಾರವನ್ನು ಹವ್ಯಾಸಿಗಳು ‘ಕ್ಯೂಆರ್‌ಪಿ’ ಎನ್ನುತ್ತಾರೆ. ಸಣ್ಣ ಎಲ್‌ಇಡಿ ಬಲ್ಬು ಉರಿಯಲು ಬೇಕಾಗುವಷ್ಟೇ ಶಕ್ತಿ! ಇದರಲ್ಲಿ ಪವಾಡವೇನೂ ಇಲ್ಲ, ಇರುವುದು ಲೆಕ್ಕ. ಮಾತಿನ ಪ್ರಸಾರಕ್ಕೆ ಸುಮಾರು 2,500 ಹರ್ಟ್ಸ್ ಅಗಲ ಬೇಕು. ಮಾರ್ಸ್ ಕೇಳಲು 250 ಹರ್ಟ್ಸ್‌ನ ಫಿಲ್ಟರ್ ಸಾಕು. ಅಗಲ ಹತ್ತರಲ್ಲಿ ಒಂದು ಪಾಲಾದಾಗ ಒಳನುಗ್ಗುವ ಗದ್ದಲವೂ ಅಷ್ಟೇ ಆಗುತ್ತದೆ. ಅಂದರೆ 5 ವ್ಯಾಟ್‌ನ ಮಾರ್ಸ್ ಹೆಚ್ಚುಕಡಿಮೆ 50 ವ್ಯಾಟ್‌ನ ಮಾತಿಗೆ ಸಮ. ಇನ್ವರ್ಟರ್, ಚಾರ್ಜರ್‌ಗಳ ವಿದ್ಯುತ್ ಗದ್ದಲ ತಲುಪದ ಬಯಲಿನಲ್ಲಿ ಕ್ಷೀಣ ಸಂಕೇತವೂ ಕಿವಿಗೆ ಸಿಗುತ್ತದೆ. ಊರಾಚೆ ಹೋಗುವುದಕ್ಕೆ ಮುಖ್ಯ ಕಾರಣವೇ ಇದು.

ಭಾರತದ ಟೆಲಿಗ್ರಾಂ (ತಂತಿ) ಸೇವೆ 2013ರ ಜುಲೈನಲ್ಲೇ ನಿಂತಿತು, ಹವ್ಯಾಸಿಗಳಿಗೆ ಮಾರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮ 2003ರಲ್ಲೇ ಹೋಯಿತು, ಇನ್ನೇಕೆ ಮಾರ್ಸ್ ಎಂದು ಕೇಳುವವರಿದ್ದಾರೆ. ಉತ್ತರ ಇದು: ಮೊಬೈಲ್‌ನಲ್ಲಿ ಮಾತಾಡಲು ಟವರ್ ಬೇಕು; ಇಲ್ಲಿ ಸಂಕೇತವನ್ನು ಬಾಗಿಸಿ ಕಳಿಸುವುದು ಆಕಾಶದ ಅಯಾನುಗೋಳ. ಅದು ಸೂರ್ಯನ ಚಟುವಟಿಕೆಗೆ ತಕ್ಕಂತೆ ಬದಲಾಗುವುದರಿಂದ ಪ್ರತಿ ಕರೆಗೂ ಉತ್ತರ ಬರುವುದಿಲ್ಲ ಎಂಬ ಆಕ್ಷೇಪ ಸರಿಯೇ. ಎಫ್‌ಟಿ8ನಂಥ ಡಿಜಿಟಲ್ ವಿಧಾನಗಳು ಇನ್ನೂ ದುರ್ಬಲ ಸಂಕೇತವನ್ನು ಹಿಡಿಯುತ್ತವೆ ಎಂಬುದೂ ನಿಜ. ಆದರೆ ಅವುಗಳಿಗೆ ಕಂಪ್ಯೂಟರ್ ಬೇಕು, ಗಡಿಯಾರ ಸೆಕೆಂಡಿನ ಲೆಕ್ಕದಲ್ಲಿ ಸರಿಹೊಂದಿರಬೇಕು. ಮಾರ್ಸ್‌ಗೆ ಪಳಗಿದ ಕಿವಿ ಮತ್ತು ಕೈ ಸಾಕು.