ತಗ್ಗಿಸಿದ ಕಾರಿನ ತಳಭಾಗದ ಹಾನಿ

ತಯಾರಕರು ನಿಗದಿಪಡಿಸಿದ ಎತ್ತರಕ್ಕಿಂತ ಕೆಳಗಿಳಿಸಿದ ಕಾರಿನ ಅಡಿಭಾಗವು ರಸ್ತೆಯುಬ್ಬು, ಕಲ್ಲು, ಗಾಲಿಜಾಡಿನ ನಡುವಣ ದಿಬ್ಬ ಮುಂತಾದವುಗಳಿಗೆ ತಾಗಿ ಉಜ್ಜಿಹೋಗುವುದನ್ನು, ನಗ್ಗುವುದನ್ನು ಅಥವಾ ಒಡೆಯುವುದನ್ನು ತಗ್ಗಿಸಿದ ಕಾರಿನ ತಳಭಾಗದ ಹಾನಿ ಎನ್ನಬಹುದು. ತಗ್ಗಿಸದ ಕಾರುಗಳಿಗೂ ಈ ಪೆಟ್ಟು ತಪ್ಪಿದ್ದಲ್ಲ. ಆದರೆ ತಗ್ಗಿಸಿದ ಕಾರಿನಲ್ಲಿ ಇದು ಅಪರೂಪದ ಅವಘಡವಾಗಿ ಉಳಿಯದೆ ದಿನನಿತ್ಯದ ಸಂಗತಿಯಾಗುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಂತಹ ಗ್ರಾಮೀಣ ಸೀಮೆಯಲ್ಲಿ ನುಣುಪಾದ ಹೆದ್ದಾರಿಯಿಂದ ಹೊಲದ ದಾರಿಗೆ ಇಳಿಯಲು ಕೆಲವೇ ನಿಮಿಷ ಸಾಕು. ಆದ್ದರಿಂದ ಇಲ್ಲಿ ಈ ಸಮಸ್ಯೆಯ ಎಲ್ಲ ಮುಖಗಳನ್ನೂ ಒಟ್ಟಿಗೆ ಕಾಣಬಹುದು.

ನೆಲತೆರಪು

ಕಾರಿನ ಅಡಿಭಾಗದ ಅತ್ಯಂತ ಕೆಳಗಿನ ಬಿಂದುವಿಗೂ ಸಮತಟ್ಟಾದ ನೆಲಕ್ಕೂ ನಡುವೆ ಇರುವ ಅಂತರಕ್ಕೆ ಗ್ರೌಂಡ್ ಕ್ಲಿಯರೆನ್ಸ್ ಎಂಬ ಹೆಸರು ರೂಢಿಯಲ್ಲಿದೆ. ಈ ಲೇಖನದಲ್ಲಿ ಅದನ್ನು ನೆಲತೆರಪು ಎಂದು ಕರೆಯಲಾಗಿದೆ. ಭಾರತದಲ್ಲಿ ಮಾರಾಟವಾಗುವ ಸಣ್ಣ ಕಾರು ಮತ್ತು ಸೆಡಾನ್‌ಗಳಲ್ಲಿ ಇದು ಸಾಮಾನ್ಯವಾಗಿ 160ರಿಂದ 170 ಮಿ.ಮೀ.ಗಳಷ್ಟಿರುತ್ತದೆ, ಎಸ್‌ಯುವಿಗಳಲ್ಲಿ 180ರಿಂದ 210 ಮಿ.ಮೀ.ಗಳವರೆಗೆ ಇರುತ್ತದೆ. ಈ ಅಳತೆ ತೆರಿಗೆಯ ಲೆಕ್ಕವನ್ನೂ ಪ್ರವೇಶಿಸಿದೆ. ಆಗ ಹೆಚ್ಚಿನ ಸೆಸ್ ವಿಧಿಸಬೇಕಾಗಿದ್ದ ದೊಡ್ಡ ವಾಹನಗಳನ್ನು ಗುರುತಿಸುವಾಗ ಜಿಎಸ್‌ಟಿ ಮಂಡಳಿಯು 2023ರ ಜುಲೈನಲ್ಲಿ 170 ಮಿ.ಮೀ. ನೆಲತೆರಪನ್ನು ಹೊರೆಯಿಲ್ಲದ ಸ್ಥಿತಿಯಲ್ಲಿ ಅಳೆಯಬೇಕೆಂದು ಸ್ಪಷ್ಟಪಡಿಸಿತು.

ಹೊರೆಯಿಲ್ಲದ ಸ್ಥಿತಿ ಎಂಬ ಈ ಮಾತೇ ಮುಖ್ಯವಾದುದು. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಕಾರು ಖಾಲಿಯಾಗಿರುವುದುಂಟೆ? ಐವರು ಕುಳಿತು, ಡಿಕ್ಕಿಯಲ್ಲಿ ಬುತ್ತಿಯ ಗಂಟು, ನೀರಿನ ಕ್ಯಾನು ಇರಿಸಿದ ಮೇಲೆ ಸ್ಪ್ರಿಂಗ್‌ಗಳು ಕೆಲವು ಸೆಂಟಿಮೀಟರ್ ಕುಸಿಯುತ್ತವೆ. ಹಿಂಭಾಗ ಇನ್ನಷ್ಟು ಕುಸಿಯುತ್ತದೆ. ಕೈಪಿಡಿಯಲ್ಲಿ ಅಚ್ಚಾದ ಅಂಕಿಯು ನಿಂತ ಕಾರಿನದು. ರಸ್ತೆಯಲ್ಲಿ ಉಳಿಯುವುದು ಅದರ ಒಂದು ಭಾಗ ಮಾತ್ರ.

ಉಬ್ಬಿನ ಆಕಾರ ಮತ್ತು ಲೆಕ್ಕ

ತಳ ತಾಗುವುದು ಉಬ್ಬಿನ ಎತ್ತರದಿಂದ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಎತ್ತರಕ್ಕಿಂತ ಆಕಾರವೇ ಹೆಚ್ಚು ನಿರ್ಣಾಯಕ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99 ಎಂಬ ಮಾರ್ಗಸೂಚಿಯು (1988) ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ದಾಟಬಹುದಾದ ಉಬ್ಬಿಗೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಮತ್ತು 17 ಮೀಟರ್ ತ್ರಿಜ್ಯದ ಕಮಾನನ್ನು ಸೂಚಿಸಿತ್ತು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 2.45 ಮೀಟರ್ ಇರುವ ಸಣ್ಣ ಕಾರೊಂದು ಇಂತಹ ಉಬ್ಬಿನ ಮೇಲೆ ಬಂದಾಗ ನಾಲ್ಕೂ ಗಾಲಿಗಳು ಕಮಾನಿನ ಮೇಲೆಯೇ ನಿಲ್ಲುತ್ತವೆ. ಆಗ ಕಾರಿನ ನಡುಭಾಗದಲ್ಲಿ ಕಮಾನು ಮೇಲೇಳುವ ಪ್ರಮಾಣವನ್ನು ತಿಳಿಯಲು ಆ ಅಂತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಬೇಕು. ಉತ್ತರ ಸುಮಾರು 44 ಮಿ.ಮೀ. ಅಂದರೆ 100 ಮಿ.ಮೀ. ಎತ್ತರದ ಶಾಸ್ತ್ರೋಕ್ತ ಉಬ್ಬು ಕಾರಿನ ತೆರಪಿನಿಂದ ಕಸಿಯುವುದು ಅದರ ಅರ್ಧಕ್ಕಿಂತ ಕಡಿಮೆ.

ಊರೊಳಗಿನ ಉಬ್ಬುಗಳ ಕಥೆ ಬೇರೆ. ಅಪಘಾತವೊಂದು ನಡೆದ ಮರುದಿನ ಕಲ್ಲುಮಣ್ಣು ಸುರಿದೋ, ಅರ್ಧ ಮೀಟರ್ ಅಗಲಕ್ಕೆ ಕಾಂಕ್ರೀಟ್ ಗುಡ್ಡೆ ಹಾಕಿಯೋ ನಿರ್ಮಿಸಿದ ಉಬ್ಬು ಎರಡು ಅಚ್ಚುಗಳ ನಡುವೆ ಪೂರ್ತಿಯಾಗಿ ಅಡಗುತ್ತದೆ. ಆಗ ಅದರ ಇಡೀ ಎತ್ತರವನ್ನು ನೆಲತೆರಪಿನಿಂದ ಕಳೆಯಬೇಕಾಗುತ್ತದೆ. ಹೊರೆಯಿಲ್ಲದಾಗ 170 ಮಿ.ಮೀ. ತೆರಪಿರುವ ಕಾರು ಜನ ತುಂಬಿದಾಗ 40 ಮಿ.ಮೀ. ಕುಸಿಯಿತೆಂದು ಇಟ್ಟುಕೊಂಡರೆ ಉಳಿಯುವುದು 130. ಶಾಸ್ತ್ರೋಕ್ತ ಉಬ್ಬಿನ ಮೇಲೆ ಇನ್ನೂ 86 ಮಿ.ಮೀ. ತೆರವಿರುತ್ತದೆ, ಕಾರು ಪುಟಿದು ಕುಸಿಯಲು ಅಷ್ಟು ಸಾಕು. 150 ಮಿ.ಮೀ. ಎತ್ತರದ ಕಿರಿದಾದ ಗುಡ್ಡೆಯ ಮೇಲೆ ತಗ್ಗಿಸದ ಅದೇ ಕಾರು ಕೂಡ ತಾಗುತ್ತದೆ. ಈಗ ಕಾರನ್ನು 50 ಮಿ.ಮೀ. ತಗ್ಗಿಸಿದರೆ ಶಾಸ್ತ್ರೋಕ್ತ ಉಬ್ಬಿನ ಮೇಲೂ ಉಳಿಯುವುದು 36 ಮಿ.ಮೀ. ಮಾತ್ರ. ತಗ್ಗಿಸಲು ಬಳಸುವ ಸ್ಪ್ರಿಂಗ್ ಗಡುಸಾಗಿದ್ದರೆ ಹೊರೆಗೆ ಕುಸಿಯುವುದು ಸ್ವಲ್ಪ ಕಡಿಮೆಯಾದೀತು. ಆದರೂ ಕಳೆದುಕೊಂಡ 50 ಮಿ.ಮೀ. ಅದರಿಂದ ಹಿಂದಿರುಗುವುದಿಲ್ಲ.

ಉಬ್ಬಿಗೆ 40 ಮೀಟರ್ ಮೊದಲು ಎಚ್ಚರಿಕೆಯ ಫಲಕವಿರಬೇಕು, ಉಬ್ಬಿಗೆ ಎದ್ದು ಕಾಣುವ ಪಟ್ಟೆಗಳನ್ನು ಬಳಿಯಬೇಕು ಎಂದೂ ಅದೇ ಮಾರ್ಗಸೂಚಿ ಹೇಳಿತ್ತು. ಪಾಲನೆ ವಿರಳ.

ಕಾರನ್ನು ತಗ್ಗಿಸುವ ವಿಧಾನಗಳು

ಗುರುತ್ವಕೇಂದ್ರ ಕೆಳಗಿಳಿದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಗುತ್ತದೆ ಎಂಬುದು ಸತ್ಯ. ಸ್ಪರ್ಧೆಯ ಕಾರುಗಳು ನೆಲಕ್ಕೆ ಅಂಟಿದಂತಿರುವುದು ಇದೇ ಕಾರಣದಿಂದ. ಆದರೆ ಹಳ್ಳಿಪಟ್ಟಣಗಳಲ್ಲಿ ಕಾರು ತಗ್ಗಿಸುವವರಲ್ಲಿ ಬಹುಪಾಲು ಜನ ನೋಟಕ್ಕಾಗಿ ಹಾಗೆ ಮಾಡುತ್ತಾರೆ. ಗಿಡ್ಡ ಸ್ಪ್ರಿಂಗ್ ಹಾಕುವುದು, ಎತ್ತರವನ್ನು ಹೊಂದಿಸಬಲ್ಲ ಕಾಯಿಲೋವರ್ ಜೋಡಿಸುವುದು, ಗಾಳಿಯ ಚೀಲಗಳ ಮೇಲೆ ನಿಲ್ಲುವ ಏರ್ ಸಸ್ಪೆನ್ಷನ್ ಅಳವಡಿಸುವುದು ಇವು ಖರ್ಚಿನ ವಿಧಾನಗಳು. ಅತ್ಯಂತ ಅಗ್ಗದ್ದೂ ಅತ್ಯಂತ ಕೆಟ್ಟದ್ದೂ ಆದ ವಿಧಾನವೆಂದರೆ ಇರುವ ಸ್ಪ್ರಿಂಗಿನ ಒಂದೆರಡು ಸುರುಳಿಗಳನ್ನು ಕತ್ತರಿಸುವುದು. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ ಆಗಿ ಉಳಿದು, ಅದರ ಚಲನೆಯ ಅವಕಾಶ ಕುಗ್ಗಿ, ಸಣ್ಣ ಗುಂಡಿಗೂ ತಳಕ್ಕೆ ಬಡಿಯತೊಡಗುತ್ತದೆ. ಗಾಲಿ ಗಾಳಿಯಲ್ಲಿ ತೂಗುವ ಕ್ಷಣದಲ್ಲಿ ಕತ್ತರಿಸಿದ ಸ್ಪ್ರಿಂಗ್ ತನ್ನ ಕುಳಿಯಿಂದ ಜಾರುವ ಅಪಾಯವೂ ಉಂಟು. ಯಾವ ವಿಧಾನವಾದರೂ ಗಾಲಿಗಳ ಓರೆ ಬದಲಾಗುವುದರಿಂದ ಅಲೈನ್‌ಮೆಂಟ್ ಸರಿಪಡಿಸದಿದ್ದರೆ ಟಯರಿನ ಒಳಅಂಚು ಬೇಗ ಸವೆಯುತ್ತದೆ.

ಮಲಪ್ರಭಾ ಸೀಮೆಯ ದಾರಿಗಳು

ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿರುವ ಕಿತ್ತೂರಿನ ಬಳಿ ತಗ್ಗಿಸಿದ ಕಾರಿಗೆ ಹೇಳಿಕೊಳ್ಳುವ ತೊಂದರೆಯಿಲ್ಲ. ಅಲ್ಲಿಂದ ಉತ್ತರಕ್ಕೆ ಬೈಲಹೊಂಗಲದತ್ತ ಬಂದಂತೆ ಎರೆಭೂಮಿ ಎದುರಾಗುತ್ತದೆ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುವುದರಿಂದ ಅದರ ಮೇಲಿನ ಡಾಂಬರು ಅಲೆಯಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಗಳತ್ತ ಸಾಗುವ ಟ್ರ್ಯಾಕ್ಟರ್‌ಗಳು ಈ ಅಲೆಗಳನ್ನು ಕೊರಕಲುಗಳಾಗಿ ಮಾರ್ಪಡಿಸುತ್ತವೆ.

ಹೊಲದ ದಾರಿಯಲ್ಲಿ ಸಮಸ್ಯೆ ಇನ್ನೂ ಸರಳ, ಇನ್ನೂ ಕಠಿಣ. ಟ್ರ್ಯಾಕ್ಟರಿನ ದೊಡ್ಡ ಗಾಲಿಗಳು ಹಸಿ ಎರೆಯಲ್ಲಿ ಆಳವಾದ ಎರಡು ಜಾಡುಗಳನ್ನು ತೋಡುತ್ತವೆ; ನಡುವೆ ದಿಬ್ಬ ಉಳಿಯುತ್ತದೆ; ಬೇಸಿಗೆಯಲ್ಲಿ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಜಾಡಿನಲ್ಲಿ ಇಳಿದ ಕಾರು ಆ ದಿಬ್ಬದ ಮೇಲೆ ಹೊಟ್ಟೆಯೂರಿ ಕುಳಿತರೆ ಗಾಲಿಗಳು ಸುಮ್ಮನೆ ತಿರುಗುತ್ತವೆ. ಚಕ್ಕಡಿಯ ಗಾಲಿ ಎದೆಯೆತ್ತರಕ್ಕೆ ಇರುತ್ತಿದ್ದುದು ಅಲಂಕಾರಕ್ಕಲ್ಲ; ಅಚ್ಚು ಇಂತಹ ದಿಬ್ಬದ ಮೇಲೆ ನಿರಾತಂಕವಾಗಿ ಹಾಯಲೆಂದು. ರಾಮದುರ್ಗ ಮತ್ತು ಸವದತ್ತಿಯ ಗುಡ್ಡಗಳ ಸುತ್ತ ಎರೆಯ ಬದಲು ಮರಳುಗಲ್ಲು. ಕಿತ್ತುಹೋದ ಡಾಂಬರಿನಡಿಯಿಂದ ತಲೆಯೆತ್ತಿದ ಕಲ್ಲಿನ ಮೊನೆಯು ಮಣ್ಣಿನ ದಿಬ್ಬದಂತೆ ಸವೆಯುವುದಿಲ್ಲ, ತೂತು ಕೊರೆಯುತ್ತದೆ.

ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಹರಡುವ ಹುರುಳಿ, ತೊಗರಿ ಮೊದಲಾದ ಪೈರುಗಳ ವಿಚಾರ ಪ್ರತ್ಯೇಕವಾಗಿ ಹೇಳತಕ್ಕದ್ದು. ವಾಹನಗಳ ಗಾಲಿಗಳಿಂದ ಕಾಳು ಬಿಡಿಸಿಕೊಳ್ಳುವ ಈ ರೂಢಿ ರೈತನಿಗೆ ಕಣದ ಖರ್ಚನ್ನು ಉಳಿಸುತ್ತದೆ. ಆದರೆ ಒಣಗಿದ ಬಳ್ಳಿಗಳು ತಿರುಗುವ ಅಚ್ಚಿಗೆ ಸುತ್ತಿಕೊಂಡು, ನೂರಾರು ಡಿಗ್ರಿ ಬಿಸಿಯಾಗಿರುವ ಸೈಲೆನ್ಸರ್ ಕೊಳವೆಗೂ ಕ್ಯಾಟಲಿಟಿಕ್ ಕನ್ವರ್ಟರಿಗೂ ತಾಗಿದರೆ ಹೊತ್ತಿಕೊಳ್ಳುತ್ತವೆ. ಕರ್ನಾಟಕದಲ್ಲಿ ಹೀಗೆ ಕಾರುಗಳು ನಡುರಸ್ತೆಯಲ್ಲಿ ಸುಟ್ಟುಹೋದ ಘಟನೆಗಳು ಹಲವು ಬಾರಿ ವರದಿಯಾಗಿವೆ. ತಗ್ಗಿಸಿದ ಕಾರು ಹೊಟ್ಟಿನ ರಾಶಿಯನ್ನು ತಳದಿಂದಲೇ ಬಾಚಿಕೊಳ್ಳುವುದರಿಂದ ಅಪಾಯ ಹೆಚ್ಚು. ಅಂತಹ ರಾಶಿಯನ್ನು ಬಳಸಿಕೊಂಡು ಹೋಗಬೇಕು. ಅನಿವಾರ್ಯವಾಗಿ ಹಾದರೆ ತುಸು ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಬೇಕು. ಸುಟ್ಟ ವಾಸನೆ ಅಥವಾ ಹೊಗೆ ಕಂಡರೆ ಎಲ್ಲರೂ ಇಳಿದು ದೂರ ಸರಿಯುವುದೇ ಮೊದಲ ಕೆಲಸ.

ಪೆಟ್ಟು ಬೀಳುವ ಭಾಗಗಳು

ಮುಂಬಂಪರಿನ ಕೆಳತುಟಿ ಮತ್ತು ಎಂಜಿನ್ನಿನ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಮೊದಲು ಉಜ್ಜಿಹೋಗುತ್ತವೆ. ಇವುಗಳ ನಷ್ಟ ಹಣದ್ದು ಮಾತ್ರ. ಎಂಜಿನ್ ಆಯಿಲ್ ತುಂಬಿರುವ, ಮೆಕ್ಯಾನಿಕ್‌ಗಳು ಚೇಂಬರ್ ಎಂದು ಕರೆಯುವ ತೊಟ್ಟಿಗೆ ಬೀಳುವ ಪೆಟ್ಟು ಗಂಭೀರವಾದುದು. ಅಲ್ಯೂಮಿನಿಯಮ್ ಚೇಂಬರ್ ಬಿರಿಯುತ್ತದೆ, ಉಕ್ಕಿನದು ನಗ್ಗುತ್ತದೆ. ನಗ್ಗಿದರೆ ಆಯಿಲ್ ಸೋರುವುದಿಲ್ಲವಾದ್ದರಿಂದ ಚಾಲಕ ನಿಶ್ಚಿಂತನಾಗುತ್ತಾನೆ. ಆದರೆ ಚೇಂಬರಿನ ತಳಕ್ಕೂ ಆಯಿಲ್ ಹೀರುವ ಕೊಳವೆಯ ಜಾಲರಿಗೂ ನಡುವೆ ಇರುವ ಎಡೆ ಅಲ್ಪ. ನಗ್ಗಿದ ತಗಡು ಆ ಎಡೆಯನ್ನು ಮುಚ್ಚಿದರೆ ಚೇಂಬರ್ ತುಂಬ ಆಯಿಲ್ ಇದ್ದೂ ಎಂಜಿನ್ನಿಗೆ ಅದು ತಲುಪುವುದಿಲ್ಲ.

ಇದಲ್ಲದೆ ಸೈಲೆನ್ಸರಿನ ಜೋಡಣೆಗಳು, ಇಂಧನ ಮತ್ತು ಬ್ರೇಕಿನ ಸಣ್ಣ ಕೊಳವೆಗಳು, ಇಂಧನದ ಟ್ಯಾಂಕು ಪೆಟ್ಟಿಗೆ ಗುರಿಯಾಗುತ್ತವೆ. ನೆಲಹಾಸಿನ ತಗಡಿಗೆ ಬಳಿದ ಲೇಪ ಕೆರೆದುಹೋದಲ್ಲಿ ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯೇ ತಳದಲ್ಲಿರುವುದರಿಂದ ಜೋರಾದ ಪೆಟ್ಟು ಬಿದ್ದ ಮೇಲೆ ಕಾರು ಸರಿಯಾಗಿ ಓಡುತ್ತಿದ್ದರೂ ತಜ್ಞರಿಂದ ಪರೀಕ್ಷಿಸುವುದು ಅಗತ್ಯ.

ತಾಗಿದ ಕೂಡಲೇ ಮಾಡಬೇಕಾದುದು

ಜೋರಾಗಿ ತಾಗಿದ ಸದ್ದಾದರೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದ್ದರೆ ಊರು ಎಷ್ಟೇ ಹತ್ತಿರವಿದ್ದರೂ ಮುಂದೆ ಓಡಿಸಕೂಡದು. ಆಯಿಲ್ ಇಲ್ಲದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಳ್ಳುತ್ತದೆ. ಕೆಲವು ಸಾವಿರ ರೂಪಾಯಿಗಳ ಚೇಂಬರಿನ ಕೆಲಸವು ಇಡೀ ಎಂಜಿನ್ ಬಿಚ್ಚುವ ಕೆಲಸವಾಗುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಕೆಳಗೆ ತೊಟ್ಟಿಕ್ಕುವ ದ್ರವದ ಬಣ್ಣ ಬಹಳಷ್ಟನ್ನು ತಿಳಿಸುತ್ತದೆ. ಕಂದು ಅಥವಾ ಕಪ್ಪಗಿನ ಜಿಡ್ಡು ಎಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣದ್ದು ರೇಡಿಯೇಟರಿನ ಕೂಲಂಟ್. ತೆಳುಹಳದಿಯ ತಿಳಿದ್ರವ ಗಾಲಿಯ ಬಳಿ ಕಂಡರೆ ಬ್ರೇಕಿನದಿರಬಹುದು, ಅಂತಹ ಕಾರನ್ನು ಅಲುಗಿಸಲೇಬಾರದು. ಎ.ಸಿ. ಹಾಕಿದ್ದಾಗ ತೊಟ್ಟಿಕ್ಕುವ ಬಣ್ಣವಿಲ್ಲದ ನೀರಿನಿಂದ ಭಯವಿಲ್ಲ. ಪೆಟ್ರೋಲಿನ ವಾಸನೆ ಬಂದರೆ ಕೀಲಿ ತಿರುಗಿಸದೆ ಎಲ್ಲರೂ ದೂರ ಸರಿಯಬೇಕು.

ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ತಗ್ಗಿಸಿದ ಕಾರಿಗೆ ಕಾರಿನೊಡನೆ ಬಂದ ಜಾಕು ಎಷ್ಟೋ ವೇಳೆ ಅಡಿಗೆ ಹೋಗುವುದೇ ಇಲ್ಲ. ಗಾಲಿಯನ್ನು ಹಲಗೆಯ ಮೇಲೆ ಹತ್ತಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ. ಟ್ಯಾಂಕಿನ ಸಣ್ಣ ಸೋರಿಕೆಗೆ ಬಟ್ಟೆಸೋಪು ತಿಕ್ಕುವುದು, ಚೇಂಬರಿನ ಬಿರುಕಿಗೆ ಎಂ-ಸೀಲ್ ಮೆತ್ತುವುದು ಹಳ್ಳಿಯ ಗ್ಯಾರೇಜುಗಳ ಹಳೆಯ ಉಪಾಯಗಳು. ಇವು ಗ್ಯಾರೇಜಿನವರೆಗೆ ತಲುಪಿಸಬಹುದೇ ಹೊರತು ದುರಸ್ತಿ ಎನಿಸವು.

ದುರಸ್ತಿ ಮತ್ತು ಮುನ್ನೆಚ್ಚರಿಕೆ

ನಗ್ಗಿದ ಚೇಂಬರನ್ನು ಬಿಚ್ಚಿಸಿ, ಒಳಗಿನ ಜಾಲರಿಯನ್ನು ನೋಡಿಸಿಯೇ ಮರುಜೋಡಣೆ ಮಾಡಿಸಬೇಕು. ಕೆಳಗೆ ಉಕ್ಕಿನ ಗಾರ್ಡ್ ಹಾಕಿಸುವವರೂ ಇದ್ದಾರೆ. ಅದು ಕಲ್ಲಿನಿಂದ ಕಾಪಾಡುವುದು ನಿಜ, ಆದರೆ ಅದೇ ಇನ್ನಷ್ಟು ತೆರಪನ್ನು ತಿನ್ನುತ್ತದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುವುದರಿಂದ ಎತ್ತರ ತುಸು ಮರಳಿದರೂ ಸವಾರಿ ಒರಟಾಗುತ್ತದೆ. ಕಾರು ತಯಾರಾದಾಗ ಇದ್ದ ಅಳತೆಯ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನೇ ಮತ್ತೆ ಹಾಕಿಸುವುದು ಖಚಿತವಾದ ಪರಿಹಾರ.

ಚಾಲನೆಯಲ್ಲಿ ನೆನಪಿಡಬೇಕಾದುದು ಬ್ರೇಕಿನ ಪರಿಣಾಮ. ಬ್ರೇಕ್ ಒತ್ತಿದಾಗ ಕಾರಿನ ಮೂತಿ ಬಾಗುತ್ತದೆ. ಆದ್ದರಿಂದ ಉಬ್ಬಿಗೆ ಮೊದಲೇ ವೇಗ ತಗ್ಗಿಸಿ, ಮುಂಗಾಲಿ ಏರುವ ಮುನ್ನ ಬ್ರೇಕ್ ಬಿಡಬೇಕು. ಕಿರಿದಾದ ಉಬ್ಬನ್ನು, ಎದುರು ವಾಹನವಿಲ್ಲದಾಗ, ಓರೆಯಾಗಿ ದಾಟಿದರೆ ಗಾಲಿಗಳು ಒಂದೊಂದಾಗಿ ಏರಿ ಕಾರಿನ ನಡುಭಾಗವನ್ನು ಎತ್ತಿ ಹಿಡಿಯುತ್ತವೆ. ಹೊಲದ ದಾರಿಯಲ್ಲಿ ಒಂದು ಬದಿಯ ಗಾಲಿಗಳನ್ನು ನಡುದಿಬ್ಬದ ಮೇಲೂ ಇನ್ನೊಂದು ಬದಿಯವನ್ನು ಜಾಡಿನ ಹೊರಅಂಚಿನ ಮೇಲೂ ನಡೆಸಬೇಕು. ಹಿಂದೆ ಕುಳಿತವರನ್ನು ಇಳಿಸಿ ದಾಟುವುದರಲ್ಲಿ ನಾಚಿಕೆಯೇನಿಲ್ಲ. ಅದು ಖರ್ಚಿಲ್ಲದೆ ಎರಡು ಮೂರು ಸೆಂಟಿಮೀಟರ್ ತೆರಪನ್ನು ಕೊಡುತ್ತದೆ.

ಕಾನೂನು ಮತ್ತು ವಿಮೆ

ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣವನ್ನು ಬಿಗಿಯಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಕಾರಾಗೃಹವಾಸ ಅಥವಾ ಎರಡನ್ನೂ ವಿಧಿಸಬಹುದು.

ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಪರಿಹಾರದ ಹಕ್ಕಿಗೆ ತೊಡಕಾಗಬಹುದು. ಸಾಮಾನ್ಯ ಕಾರು ವಿಮೆಯು ಅಪಘಾತದ ನೇರ ಹಾನಿಯನ್ನು ಭರಿಸುತ್ತದೆ. ಅದರಿಂದ ಮುಂದೆ ಉಂಟಾದ ಹಾನಿಯನ್ನು ಹೊರಗಿಡುತ್ತದೆ. ಕಲ್ಲಿಗೆ ತಾಗಿ ಚೇಂಬರ್ ಒಡೆದುದು ಮೊದಲನೆಯದು. ಒಡೆದ ಬಳಿಕವೂ ಓಡಿಸಿದ್ದರಿಂದ ಎಂಜಿನ್ ಕಚ್ಚಿಕೊಂಡದ್ದು ಎರಡನೆಯದು. ದುರಸ್ತಿಗೆ ಮುನ್ನ ವಾಹನವನ್ನು ಓಡಿಸಿದರೆ ಹೆಚ್ಚುವ ಹಾನಿ ವಿಮೆದಾರನ ಹೊಣೆಯೆಂದು ಪಾಲಿಸಿಯ ಷರತ್ತುಗಳಲ್ಲಿಯೇ ಬರೆದಿರುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿಯನ್ನು ಪ್ರತ್ಯೇಕವಾಗಿ ಕೊಳ್ಳಬಹುದು. ಪೆಟ್ಟು ಬಿದ್ದ ಸ್ಥಳದಲ್ಲಿಯೇ ರಸ್ತೆ, ಕಲ್ಲು ಮತ್ತು ಸೋರಿದ ಆಯಿಲಿನ ಛಾಯಾಚಿತ್ರ ತೆಗೆದು, ಕಂಪನಿಗೆ ತಿಳಿಸಿ, ಕಾರನ್ನು ಎಳೆಸಿಕೊಂಡು ಹೋಗುವುದು ಸರಿಯಾದ ಕ್ರಮ.