ದೀಪಸ್ತಂಭ ನೆನಪಿದೆ, ಅಂಗಡಿ ಮರೆತುಹೋಗಿದೆ

ಕಳೆದ ರಂಜಾನ್ ತಿಂಗಳಲ್ಲಿ ನನ್ನ ಮಾಮುವಿನ ಹಾಸಿಗೆ ಅಂಗಡಿಗೆ ನಾನೊಂದು ಜಾಹೀರಾತು ಮಾಡಿಕೊಟ್ಟೆ. ಸ್ಥಳೀಯ ಕೇಬಲ್ ಚಾನೆಲ್‌ನಲ್ಲಿ 15 ದಿನ ಬಂತು. ಕಾಪು ದೀಪಸ್ತಂಭದ ಹಿಂದೆ ಮುಳುಗುವ ಸೂರ್ಯ, ಬಂಡೆಗೆ ನಿಧಾನವಾಗಿ ಅಪ್ಪಳಿಸುವ ಅಲೆ, ಕೊನೆಗೆ ಹೊಳೆಯುವ ಅಕ್ಷರಗಳಲ್ಲಿ ಅಂಗಡಿಯ ಹೆಸರು. ನೋಡಿದವರೆಲ್ಲ ಹೊಗಳಿದರು. ಯಾವ ಅಂಗಡಿಯದ್ದು ಎಂದು ಕೇಳಿದರೆ ಒಬ್ಬರು ಚಪ್ಪಲಿ ಅಂಗಡಿ ಎಂದರು, ಇನ್ನೊಬ್ಬರು ರೆಸಾರ್ಟ್ ಎಂದರು. ಮಾಮು ಬೈಯಲಿಲ್ಲ. "ಹಬ್ಬದ ಖರ್ಚಿಗೆ ಇಟ್ಟ ಹಣ ಅದು" ಎಂದಷ್ಟೇ ಹೇಳಿದರು.

ಹಾಗಾದರೆ ಕೆಲವು ಅದ್ದೂರಿ ಜಾಹೀರಾತುಗಳು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುವುದು ಹೇಗೆ? ಇದನ್ನು ತಿಳಿಯಲು ಎರಡು ಹಳೆಯ ಜಾಹೀರಾತುಗಳನ್ನು ಮತ್ತೆ ಮತ್ತೆ ನೋಡಿದೆ.

ಮೊದಲನೆಯದು ಹ್ಯಾಪಿಡೆಂಟ್ ಚೂಯಿಂಗ್ ಗಮ್‌ನದು. ಬರೆದವರು ಪ್ರಸೂನ್ ಜೋಶಿ, ನಿರ್ದೇಶಿಸಿದವರು ರಾಮ್ ಮಾಧ್ವಾನಿ. ಅಲ್ಲಿ ಬೀದಿದೀಪ, ಕಾರಿನ ಹೆಡ್‌ಲೈಟ್, ಅರಮನೆಯ ತೂಗುದೀಪ ಎಲ್ಲವೂ ಮನುಷ್ಯರೇ. ಗಮ್ ಜಗಿದು ಬಾಯಿ ತೆರೆದರೆ ಅವರ ಹಲ್ಲು ಬೆಳಗುತ್ತದೆ. ಕಂಪನಿ ಕೊಡುವ ಭರವಸೆಯೂ ಬಿಳಿ ಹಲ್ಲೇ. ಆ ಕಥೆಯಿಂದ ಗಮ್ ತೆಗೆದರೆ ಅರಮನೆಯೇ ಕತ್ತಲಾಗುತ್ತದೆ. ನನ್ನ ಜಾಹೀರಾತಿನಿಂದ ಹಾಸಿಗೆ ತೆಗೆದರೆ ಏನೂ ಕಡಿಮೆಯಾಗುವುದಿಲ್ಲ. ಏಕೆಂದರೆ ಅದರಲ್ಲಿ ಹಾಸಿಗೆ ಇರಲೇ ಇಲ್ಲ!

ಎರಡನೆಯದು ಝೂಝೂ. 2009ರಲ್ಲಿ ಲೋಕಸಭಾ ಚುನಾವಣೆಯ ಕಾರಣ ಐಪಿಎಲ್ ದಕ್ಷಿಣ ಆಫ್ರಿಕಕ್ಕೆ ಹೋಗಿತ್ತು. ಆ ಪಂದ್ಯಗಳ ನಡುವೆ ತೋರಿಸಲು ವೊಡಾಫೋನ್‌ಗಾಗಿ ಓಗಿಲ್ವಿ ಸಂಸ್ಥೆ ಝೂಝೂಗಳನ್ನು ರೂಪಿಸಿತು. ತಯಾರಿಸಿದ್ದು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್. ನಿರ್ದೇಶಕ ಪ್ರಕಾಶ್ ವರ್ಮಾ. 2025ರ ಮಲಯಾಳಂ ಚಿತ್ರ 'ತುಡರುಂ'ನಲ್ಲಿ ಮೋಹನ್‌ಲಾಲ್ ಎದುರು ಖಳ ಪೊಲೀಸ್ ಅಧಿಕಾರಿಯಾಗಿದ್ದವರು ಇವರೇ.

ಝೂಝೂ ಕಾರ್ಟೂನ್ ಎಂದು ಅನೇಕರು ತಿಳಿದಿದ್ದಾರೆ. ಅಲ್ಲ, ಬಿಳಿ ಉಡುಪಿನೊಳಗೆ ಇದ್ದವರು ನಿಜವಾದ ಕಲಾವಿದರು. ಚಿತ್ರೀಕರಣ ನಡೆದದ್ದು ಕೇಪ್‌ಟೌನ್‌ನಲ್ಲಿ. ತಲೆ ದೊಡ್ಡದು. ಅವರು ಪುಟ್ಟದಾಗಿ ಕಾಣಲೆಂದು ಸೆಟ್‌ಗಳನ್ನು ದೊಡ್ಡದಾಗಿ ಕಟ್ಟಿದ್ದರು. ಹಿನ್ನೆಲೆಯಲ್ಲಿ ಮಾತ್ರ ಹೆಚ್ಚೇನೂ ಇಲ್ಲ, ಹಾಗಾಗಿ ಕಣ್ಣು ಬೇರೆಲ್ಲೂ ಓಡುವುದಿಲ್ಲ. ಒಂದು ಜಾಹೀರಾತಿಗೆ ಒಂದೇ ಸೇವೆ: ಒಂದರಲ್ಲಿ ಕ್ರಿಕೆಟ್ ಅಲರ್ಟ್, ಇನ್ನೊಂದರಲ್ಲಿ ಫೋನ್ ಬ್ಯಾಕಪ್.

ಅವು ಆಡುವ ಮಾತು ಯಾವ ಭಾಷೆಯೂ ಅಲ್ಲ. ಇದರ ಬೆಲೆ ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಉಡುಪಿಯಿಂದ ಕಾಪುವಿಗೆ ಹೋಗುವ ಒಂದೇ ಬಸ್ಸಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಉರ್ದು, ಕನ್ನಡ ಎಲ್ಲವೂ ಕೇಳಿಬರುತ್ತದೆ. ಉರ್ದು ಬಿಟ್ಟು ಬೇರೆ ಭಾಷೆ ಬಾರದ ನನ್ನ ನಾನಿಗೆ ಝೂಝೂ ತೋರಿಸಿದೆ. ನಾನು ವಿವರಿಸುವ ಮೊದಲೇ ಅವರು ನಕ್ಕರು.

ಜಾಹೀರಾತಿನ ಖರ್ಚು ಕೊನೆಗೆ ಗ್ರಾಹಕರ ಮೇಲೆಯೇ ಬೀಳುತ್ತದೆ ಎಂಬ ಆಕ್ಷೇಪವನ್ನು ನಮ್ಮ ವ್ಯವಹಾರ ಅಧ್ಯಯನ ಪಾಠದಲ್ಲಿ ಓದುತ್ತೇವೆ. ಖರ್ಚು ಮಾಡಿಯೂ ವಸ್ತು ನೆನಪಿನಲ್ಲಿ ಉಳಿಯದಿದ್ದರೆ ನಷ್ಟ ಇಬ್ಬರಿಗೂ. ಆದ್ದರಿಂದ ಅದ್ದೂರಿ ಜಾಹೀರಾತಿಗೆ ನನ್ನದೊಂದು ಸಣ್ಣ ಪರೀಕ್ಷೆ: ವಸ್ತುವಿನ ಹೆಸರು ಹೇಳದೆ ಅದರ ಕಥೆಯನ್ನು ಹೇಳಲು ಸಾಧ್ಯವೇ? ಸಾಧ್ಯವಾದರೆ ಆ ಜಾಹೀರಾತು ಸೋತಂತೆ.

ಮಾಮುವಿನ ಬಳಿ ಇನ್ನೊಂದು ಅವಕಾಶ ಕೇಳಿದೆ. ಈ ಸಲ ಸಮುದ್ರವಿಲ್ಲ, ಸೂರ್ಯನಿಲ್ಲ. ಹಾಸಿಗೆ ನೋಡಲು ಬಂದ ಅಜ್ಜ ಸುಮ್ಮನೆ ಒರಗಿ ನಿದ್ದೆ ಹೋಗುತ್ತಾರೆ. ಸಂಜೆಯಾಗುತ್ತದೆ, ದೀಪ ಆರುತ್ತದೆ, ಶಟರ್ ಇಳಿಯುತ್ತದೆ. ಒಳಗಿನಿಂದ ಗೊರಕೆ ಕೇಳುತ್ತದೆ. ಅಜ್ಜನ ಪಾತ್ರ ನನ್ನ ನಾನಾ ಮಾಡಿದರು. ಖರ್ಚು ಒಂದು ಪ್ಲೇಟ್ ಬಿರಿಯಾನಿ.

ಹೋದ ವಾರ ಕಾರ್ಕಳದಿಂದ ಬಂದ ದಂಪತಿ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದರಂತೆ: "ಅಜ್ಜ ಮಲಗಿದ ಅಂಗಡಿ ಇದೇ ಅಲ್ಲವಾ?"